ಗೋದಾವರಿಯ ದಂಡೆಯ ಶ್ರಮಕಾಲ

ಮಾಘಮಾಸದ ಬಹುಳ ಚತುರ್ದಶಿಯ ರಾತ್ರಿ ತ್ರ್ಯಂಬಕೇಶ್ವರದ ಬೆಟ್ಟದ ಬುಡದಲ್ಲಿಯೂ ವೇರೂಳದ ಘೃಷ್ಣೇಶ್ವರನ ಅಂಗಳದಲ್ಲಿಯೂ ಉಪವಾಸವಿದ್ದು ಜಾಗರಣೆ ಮಾಡಿದ ಜನರು ಹಣೆಯ ವಿಭೂತಿಯೊಡನೆ ಮನೆಗೆ ಮರಳುವ ಹೊತ್ತಿನಲ್ಲಿಯೇ, ಅಥವಾ ಅದಾದ ಒಂದು ವಾರದೊಳಗೆ, ಅದೇ ನಾಸಿಕದ ಶರಣಪುರದಲ್ಲಿಯೂ, ಈಚೆಗೆ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಔರಂಗಾಬಾದಿನ ದಂಡುಪ್ರದೇಶದಲ್ಲಿಯೂ ಕ್ರೈಸ್ತರು ತಮ್ಮ ನಲವತ್ತು ದಿನಗಳ ವ್ರತಕಾಲವನ್ನು ಪ್ರವೇಶಿಸುವುದು ಬಹುಪಾಲು ವರ್ಷಗಳಲ್ಲಿ ಕಂಡುಬರುವ ಸಂಗತಿ. ಇದು ಕಾಕತಾಳೀಯವಲ್ಲ. ಪುನರುತ್ಥಾನದ ಹಬ್ಬವನ್ನು ವಸಂತ ವಿಷುವದ ಬಳಿಕದ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಆದಿತ್ಯವಾರದಂದು ಆಚರಿಸಬೇಕೆಂಬುದು ಪ್ರಾಚೀನ ಸಭೆಯ ಕಟ್ಟಳೆ. ಆ ಹುಣ್ಣಿಮೆ ಸಾಮಾನ್ಯವಾಗಿ ನಮ್ಮ ಚೈತ್ರದ ಹುಣ್ಣಿಮೆಯೇ ಆಗಿರುತ್ತದೆ. ಹಬ್ಬದಿಂದ ನಲವತ್ತಾರು ದಿನ ಹಿಂದಕ್ಕೆ ಎಣಿಸಿದರೆ, ಆದಿತ್ಯವಾರಗಳನ್ನು ಲೆಕ್ಕಕ್ಕೆ ಹಿಡಿಯದೆ ನಲವತ್ತು ಉಪವಾಸದ ದಿನಗಳು ಒದಗಿ, ಮಾಘದ ಅಮಾವಾಸ್ಯೆಯ ಆಸುಪಾಸಿನ ಬುಧವಾರಕ್ಕೆ ಬಂದು ನಿಲ್ಲುತ್ತೇವೆ. ಅದೇ ಬೂದಿ ಬುಧವಾರ. ಅಧಿಕಮಾಸದ ಹೊಂದಾಣಿಕೆಯಿಂದ ಕೆಲವು ವರ್ಷಗಳಲ್ಲಿ ಒಂದು ತಿಂಗಳ ಅಂತರ ಬೀಳುವುದುಂಟು; ಉಳಿದ ವರ್ಷಗಳಲ್ಲಿ ಶಿವನ ರಾತ್ರಿಯೂ ಕ್ರಿಸ್ತನ ಶ್ರಮಕಾಲವೂ ಕ್ಷೀಣಿಸಿದ ಒಂದೇ ಚಂದ್ರನ ಕೆಳಗೆ ನೆರೆಹೊರೆಯಾಗಿರುತ್ತವೆ.

ಗೋದಾವರಿಯೆಂದರೆ ಕನ್ನಡಿಗನಿಗೆ ಪರಕೀಯವಾದ ನದಿಯಲ್ಲ. ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಮೇರೆಯೆಂದು ಹೇಳಿದ್ದು ಈ ನದಿಯನ್ನೇ. ವೇರೂಳದ ಕೈಲಾಸವನ್ನು ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಸಂಭಾಜಿನಗರದ ಸಮೀಪದ ದೇವಗಿರಿಯಿಂದ ಆಳಿದ ಸೇವುಣರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದವರು. ಆದರೆ ನಾನು ಇಲ್ಲಿ ಹೇಳಹೊರಟದ್ದು ಅದಕ್ಕಿಂತ ಬಹಳ ಈಚಿನದೂ ಕಿರಿದೂ ಆದ ಒಂದು ಸಂಬಂಧವನ್ನು: ಮಂಗಳೂರು ಧಾರವಾಡಗಳ ಸಭೆಗಳಿಗೂ ನಾಸಿಕದ ಸಭೆಗೂ ಶ್ರಮಕಾಲವನ್ನು ಕಲಿಸಿದ ಗುರುಗಳಲ್ಲಿ ಕೆಲವರು ಒಂದೇ ಪಾಠಶಾಲೆಯಿಂದ ಹೊರಟು ಬಂದವರೆಂಬುದನ್ನು, ಮತ್ತು ಅವರು ತಂದ, ಜರ್ಮನಿಯ ಧರ್ಮಸುಧಾರಕನಾದ ಲೂಥರನ ವ್ರತವು ಹೊಟ್ಟೆಗಿಂತ ಹೆಚ್ಚಾಗಿ ಕಿವಿಗೆ ಸಂಬಂಧಿಸಿದ್ದೆಂಬುದನ್ನು.

ಲೂಥರನು ಉಪವಾಸವನ್ನು ನಿಷೇಧಿಸಿದನೆಂದು ನಂಬಿರುವವರು ಅನೇಕರಿದ್ದಾರೆ, ಅದು ಸರಿಯಲ್ಲ. 1522ರ ಮಾರ್ಚ್ 9ರಿಂದ, ಆ ವರ್ಷದ ಶ್ರಮಕಾಲದ ಮೊದಲ ಆದಿತ್ಯವಾರದಿಂದ, ಆತನು ತನ್ನ ಅಜ್ಞಾತವಾಸದಿಂದ ವಿಟೆನ್‌ಬರ್ಗಿಗೆ ಹಿಂದಿರುಗಿ ಎಂಟು ದಿನ ಎಡೆಬಿಡದೆ ಪ್ರಸಂಗ ಮಾಡಿದಾಗ, ಹಳೆಯ ವಿಧಿಗಳನ್ನು ಬಲಾತ್ಕಾರದಿಂದ ಕಿತ್ತೊಗೆಯಹೊರಟಿದ್ದ ಉತ್ಸಾಹಿಗಳನ್ನು ತಡೆದು ಹೇಳಿದ್ದರ ಸಾರವೆಂದರೆ, ತಿನ್ನುವುದಾಗಲಿ ತಿನ್ನದಿರುವುದಾಗಲಿ ಮನುಷ್ಯನನ್ನು ನೀತಿವಂತನನ್ನಾಗಿ ಮಾಡಲಾರದು, ಆದ್ದರಿಂದ ಅದನ್ನು ಕಟ್ಟಳೆಯಾಗಿಯೂ ಹೇರಬಾರದು, ಹಠಕ್ಕಾಗಿಯೂ ಮುರಿಯಬಾರದು ಎಂಬುದು. ಅದೇ ಋತುವಿನಲ್ಲಿ ಜೂರಿಚ್ ಪಟ್ಟಣದ ಒಬ್ಬ ಮುದ್ರಕನ ಮನೆಯಲ್ಲಿ ಕೆಲವರು ಮಾಂಸದ ತುಂಡುಗಳನ್ನು ಹಂಚಿಕೊಂಡು ತಿಂದು, ಅಲ್ಲಿಯ ಸುಧಾರಣೆಗೆ ನಾಂದಿ ಹಾಡಿದರು. ಆ ಪಂಥವು ಕಾಲಕ್ರಮದಲ್ಲಿ ಶ್ರಮಕಾಲವನ್ನೇ ಕೈಬಿಟ್ಟಿತು. ಲೂಥರನ ಜನರು ಕೈಬಿಡಲಿಲ್ಲ. 1529ರ ಕಿರಿಯ ಪ್ರಶ್ನೋತ್ತರಿಯಲ್ಲಿ ಆತನು ಉಪವಾಸವನ್ನು ಒಳ್ಳೆಯ ಬಾಹ್ಯ ಶಿಕ್ಷಣವೆಂದು ಒಪ್ಪಿ, ಪಾತ್ರತೆಯು ಮಾತ್ರ ನಂಬಿಕೆಯಿಂದ ಬರುವುದೆಂದು ಬರೆದ. ಅದಕ್ಕೂ ಹಿಂದೆ, 1519ರಲ್ಲಿ, ಕ್ರಿಸ್ತನ ಶ್ರಮೆಯನ್ನು ಹೇಗೆ ಧ್ಯಾನಿಸಬೇಕೆಂಬ ವಿಷಯವಾಗಿ ಆತನು ಮಾಡಿದ ಪ್ರಸಂಗವೊಂದಿದೆ: ಕೊಂದವರ ಮೇಲೆ ಕೋಪಿಸಿಕೊಳ್ಳುವುದಾಗಲಿ, ಶಿಲುಬೆಯ ಚಿತ್ರವನ್ನು ತಾಯಿತದಂತೆ ಧರಿಸುವುದಾಗಲಿ ಧ್ಯಾನವಲ್ಲ, ಆ ಗಾಯಗಳಲ್ಲಿ ತನ್ನ ಪಾಪವನ್ನು ಮೊದಲು ಕಂಡು ನಡುಗಿ, ಬಳಿಕ ಅವುಗಳಲ್ಲಿಯೇ ದೇವರ ಹೃದಯವನ್ನು ಕಂಡು ಸಮಾಧಾನಗೊಳ್ಳುವುದೇ ಧ್ಯಾನವೆಂದು ಅದರ ತಾತ್ಪರ್ಯ. ಈ ಒಂದು ಉಪದೇಶದಿಂದ ವ್ರತದ ಭಾರವೆಲ್ಲವೂ ಅಡಿಗೆಮನೆಯಿಂದ ಪ್ರಾರ್ಥನಾಲಯಕ್ಕೆ ಸರಿಯಿತು. ಆತನ ಮಿತ್ರನಾದ ಬುಗೆನ್‌ಹಾಗೆನ್ ನಾಲ್ಕು ಸುವಾರ್ತೆಗಳ ಶ್ರಮಾಕಥನವನ್ನು ಒಂದೇ ಪಾಠವಾಗಿ ಹೆಣೆದ; ವಾರವಾರವೂ ಅದನ್ನು ಭಾಗಭಾಗವಾಗಿ ಓದಿಸಿ ಕೇಳುವುದು, ನಡುನಡುವೆ ಕೀರ್ತನೆಗಳನ್ನು ಹಾಡುವುದು, ಇದು ಲೂಥರನ ಸಭೆಗಳ ಶ್ರಮಕಾಲದ ಮುಖ್ಯ ಅಂಗವಾಯಿತು. 1724ರ ಶುಭ ಶುಕ್ರವಾರದಂದು ಲೈಪ್‌ಜಿಗಿನಲ್ಲಿ ಬಾಖ್ ಎಂಬ ಮಹಾಸಂಗೀತಗಾರನು ಯೋಹಾನನ ಶ್ರಮಾಕಥನವನ್ನು ಹಾಡಿಸಿದ್ದು ಈ ಕೇಳುವ ವ್ರತದ ಅತ್ಯುನ್ನತ ಶಿಖರ.

ಲೂಥರನ ಜರ್ಮನಿಗೂ ಜೂರಿಚ್‌ನ ಸ್ವಿಸ್ ಸೀಮೆಗೂ ನಡುವೆ ಗಡಿಕಲ್ಲಿನಂತೆ ನಿಂತಿರುವ ಪಟ್ಟಣ ಬಾಸೆಲ್. ಅಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಶನ್ ಸಂಸ್ಥೆಯಲ್ಲಿ ಪಟ್ಟಣಿಗರು ಸುಧಾರಿತ ಪಂಥದವರು, ವಿದ್ಯಾರ್ಥಿಗಳು ಬಹುಮಟ್ಟಿಗೆ ವ್ಯೂರ್ಟೆಂಬರ್ಗ್ ಮೊದಲಾದ ಸೀಮೆಗಳಿಂದ ಬಂದ ಲೂಥರನ ಮನೆತನದವರು. ಇಲ್ಲಿಂದ ಹೊರಟ ಲೇನರ್, ಹೆಬಿಕ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರನ್ನು ಸೇರಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಸಭೆಗಳು ಒಂದೊಂದಾಗಿ ಹುಟ್ಟಿದವು. ಆ ಸಭೆಗಳಲ್ಲಿ ಶ್ರಮವಾರದ ಸಂಜೆಗಳಲ್ಲಿ ನೆರೆದು ಶ್ರಮಾಕಥನವನ್ನು ಭಾಗಭಾಗವಾಗಿ ಕೇಳುವ ವಾಡಿಕೆ ಇಂದಿಗೂ ಉಳಿದಿದೆ. ನಮ್ಮಲ್ಲಿ ಕಥೋಲಿಕರು ಈ ಕಾಲವನ್ನು ತಪಸ್ಸುಕಾಲವೆನ್ನುತ್ತಾರೆ. ಶ್ರಮಕಾಲ, ಶ್ರಮವಾರ ಎಂಬ ಮಾತುಗಳು ಹೆಚ್ಚಾಗಿ ಕೇಳಿಬರುವುದು ಪ್ರೊಟೆಸ್ಟಂಟರ ಬಾಯಲ್ಲಿ. ಈ ಎರಡು ಹೆಸರುಗಳ ಭೇದವನ್ನು ಅಲಕ್ಷಿಸಲಾಗದು. ತಪಸ್ಸು ಮಾಡುವವನು ಭಕ್ತ. ಶ್ರಮೆ ಪಟ್ಟವನು ಕ್ರಿಸ್ತ. ಒಂದು ಹೆಸರು ಮನುಷ್ಯನ ಕಾರ್ಯವನ್ನು ನೆನೆಯಿಸಿದರೆ ಇನ್ನೊಂದು ದೇವರ ಕಾರ್ಯವನ್ನು ನೆನೆಯಿಸುತ್ತದೆ. ಲೂಥರನ ಇಡೀ ವಾದವು ಕನ್ನಡದ ಒಂದು ಸಮಾಸಪದದೊಳಗೆ ಸದ್ದಿಲ್ಲದೆ ಅಡಗಿಕೊಂಡಿದೆಯೆಂದು ನನಗೆ ಅನ್ನಿಸುತ್ತದೆ. ನಿಘಂಟುಕಾರರೆಂದೇ ನಾವು ಅರಿತಿರುವ ಕಿಟ್ಟೆಲರು ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸುಗಳಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ರಚಿಸಿದ್ದೂ, ಕಥೆಯನ್ನು ಹಾಡಿ ಕೇಳಿಸಬೇಕೆಂಬ ಈ ಪರಂಪರೆಯ ಪ್ರೇರಣೆಯಿಂದಲೇ ಇರಬೇಕು.

ಇನ್ನು ನಾಸಿಕಕ್ಕೆ ಬರೋಣ. ಅಲ್ಲಿಯ ಹಳೆಯ ಸಭೆ ಲೂಥರನ್ ಎಂಬ ಹೆಸರಿನದಲ್ಲ. ಅಲ್ಲಿಯದು ಇಂಗ್ಲಿಷ್ ಸಭೆಯ ಚರ್ಚ್ ಮಿಶನರಿ ಸೊಸೈಟಿಯ ಕ್ಷೇತ್ರ, 1832ರಲ್ಲಿ ಫ್ಯಾರರ್ ಎಂಬವರು ತೊಡಗಿಸಿದ್ದು. ಆದರೆ ಆ ಸಂಸ್ಥೆಗೆ ಮೊದಮೊದಲು ತನ್ನ ದೇಶದಲ್ಲಿಯೇ ಸಾಕಷ್ಟು ಜನ ಸಿಕ್ಕದೆ ಬಾಸೆಲಿನಲ್ಲಿ ಕಲಿತ ಜರ್ಮನರನ್ನು ಸೇವೆಗೆ ತೆಗೆದುಕೊಳ್ಳುವ ರೂಢಿಯಿತ್ತು. ಹಾಗೆ ಬಂದವರಲ್ಲಿ ಬಾರ್ಮೆನ್ ಪಟ್ಟಣದಲ್ಲಿ 1806ರಲ್ಲಿ ಹುಟ್ಟಿದ ಕಾರ್ಲ್ ವಿಲ್ಹೆಲ್ಮ್ ಐಸೆನ್‌ಬರ್ಗ್ ಒಬ್ಬರು. ಅವರ ಜೀವನವನ್ನು ನೆನೆದಾಗ ಶ್ರಮಕಾಲದ ಚರಿತ್ರೆಯೇ ಒಬ್ಬ ಮನುಷ್ಯನ ರೂಪದಲ್ಲಿ ಸಂಚರಿಸಿದಂತೆ ತೋರುತ್ತದೆ. 1830ರ ದಶಕದಲ್ಲಿ ಅವರಿದ್ದದ್ದು ಇಥಿಯೋಪಿಯದಲ್ಲಿ. ಪುನರುತ್ಥಾನಕ್ಕೆ ಮುಂಚೆ ಐವತ್ತೈದು ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆಗಳೊಂದನ್ನೂ ಮುಟ್ಟದೆ, ಹಗಲು ಬಹಳ ಹೊತ್ತಿನವರೆಗೆ ನಿರಾಹಾರವಾಗಿರುವ ಪ್ರಾಚೀನವಾದ ಸಭೆ ಅಲ್ಲಿಯದು; ಉಪವಾಸ, ಸಂತರ ಆರಾಧನೆ ಇತ್ಯಾದಿಗಳ ವಿಷಯವಾಗಿ ಆ ದೇಶದ ಗುರುಗಳಿಗೂ ಬಾಸೆಲಿನ ಶಿಷ್ಯರಿಗೂ ಸರಿಬೀಳಲಿಲ್ಲ; ಕಡೆಗೆ ದೇಶವನ್ನು ಬಿಡಬೇಕಾಯಿತು. ಆ ವೇಳೆಗೆ ಅವರು ಅಮ್ಹಾರಿಕ್ ಭಾಷೆಯ ನಿಘಂಟನ್ನೂ ವ್ಯಾಕರಣವನ್ನೂ ಸಿದ್ಧಪಡಿಸಿದ್ದಲ್ಲದೆ, ಇಂಗ್ಲಿಷ್ ಸಭೆಯ ಪ್ರಾರ್ಥನಾ ಪುಸ್ತಕವನ್ನೂ ಆ ಭಾಷೆಗೆ ತಂದಿದ್ದರು. ಕಠಿಣವಾದ ಉಪವಾಸವನ್ನು ಕಣ್ಣಾರೆ ಕಂಡು, ಅದನ್ನು ಒಪ್ಪಲಾರದೆ, ಆದರೂ ವರ್ಷಚಕ್ರದ ಪ್ರಾರ್ಥನೆಗಳನ್ನು ಪ್ರೀತಿಯಿಂದ ಭಾಷಾಂತರಿಸಿದ ಇವರು 1840ರ ದಶಕದಲ್ಲಿ ಮುಂಬಯಿಗೆ ಬಂದರು. ಅರಬ್ಬೀ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಬ್ರಿಟಿಷ್ ನೌಕಾಪಡೆ ಬಿಡಿಸಿ ತಂದ ಆಫ್ರಿಕದ ಮಕ್ಕಳ ಪೋಷಣೆಯ ಹೊಣೆ ಅವರ ಪಾಲಿಗೆ ಬಂತು. 1860ರ ಸುಮಾರಿಗೆ ಆ ಆಶ್ರಯಸ್ಥಾನವು ನಾಸಿಕದ ಶರಣಪುರಕ್ಕೆ ಸಾಗಿತು.

ಶರಣಪುರವೆಂಬ ಹೆಸರನ್ನು ಕೇಳಿದೊಡನೆ ಕನ್ನಡಿಗನ ಮನಸ್ಸು ಕಲ್ಯಾಣದ ಶರಣರ ಕಡೆಗೆ ಹರಿಯದಿರದು. ಅಲ್ಲಿಯ ಅರ್ಥ ಬೇರೆ: ಶರಣು ಬಂದವರ ಊರು, ಆಶ್ರಯದ ಪಟ್ಟಣ. ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಮಿಶನರಿ 1850ರ ದಶಕದಲ್ಲಿ ಕಟ್ಟಿಸಿದ ಈ ಹಳ್ಳಿಯಲ್ಲಿ, ಮತಾಂತರದಿಂದ ಮನೆಮಠಗಳನ್ನು ಕಳೆದುಕೊಂಡ ಮರಾಠಿ ಜನರೂ, ತಾಯ್ನಾಡಿನ ಹೆಸರನ್ನೂ ಮರೆತ ಆಫ್ರಿಕದ ಬಾಲಕರೂ ಒಟ್ಟಿಗೆ ಬಡಗಿಯ ಕೆಲಸ, ಕಮ್ಮಾರಿಕೆಗಳನ್ನು ಕಲಿತು, ಒಂದೇ ಗಂಟೆಯ ನಾದಕ್ಕೆ ಪ್ರಾರ್ಥನೆಗೆ ಕೂಡುತ್ತಿದ್ದರು. ಪಾರಸಿ ಮತದಿಂದ ಬಂದ ಸೊರಾಬ್ಜಿ ಖರ್ಸೇದ್‌ಜಿಯವರ ಮಗಳು, ಮುಂದೆ ನ್ಯಾಯವಾದಿಯೆಂದು ಜಗತ್ಪ್ರಸಿದ್ಧಳಾದ ಕಾರ್ನೀಲಿಯಾ ಸೊರಾಬ್ಜಿ, 1866ರಲ್ಲಿ ಹುಟ್ಟಿದ್ದು ನಾಸಿಕದಲ್ಲಿ. 1865ರಲ್ಲಿ ಆಫ್ರಿಕದ ಅನ್ವೇಷಕನಾದ ಲಿವಿಂಗ್‌ಸ್ಟನ್ ತನ್ನ ಕಡೆಯ ಪ್ರಯಾಣಕ್ಕೆ ಶರಣಪುರದಿಂದ ಒಂಬತ್ತು ಮಂದಿ ಯುವಕರನ್ನು ಕರೆದೊಯ್ದ. 1873ರ ಮೇ ತಿಂಗಳಲ್ಲಿ ಆತನು ಮಧ್ಯ ಆಫ್ರಿಕದ ಒಂದು ಗುಡಿಸಿಲಲ್ಲಿ ತೀರಿಕೊಂಡಾಗ, ಹೃದಯವನ್ನು ಮರದ ಬುಡದಲ್ಲಿ ಹೂಳುವಾಗ ಅಂತ್ಯಕ್ರಿಯೆಯ ಪ್ರಾರ್ಥನೆಯನ್ನು ಓದಿದವನು, ಬಳಿಕ ಶರಣಪುರದಿಂದ ಹೋಗಿ ಆತನ ಪರಿವಾರವನ್ನು ಸೇರಿದ್ದ ಜೇಕಬ್ ವೇನ್‌ರೈಟ್. ದೇಹವನ್ನು ಕಡಲತೀರಕ್ಕೆ ಹೊತ್ತು ತಂದವರಲ್ಲಿ ಅವನೂ ಒಬ್ಬ. 1874ರ ಏಪ್ರಿಲ್ 18ರಂದು, ಆ ವರ್ಷದ ಪುನರುತ್ಥಾನದ ಹಬ್ಬ ಕಳೆದು ಹದಿಮೂರನೆಯ ದಿನ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲಿ ಅವನು ನಿಂತಿದ್ದನು. ಗೋದಾವರಿಯ ದಂಡೆಯಲ್ಲಿ ಶ್ರಮವಾರದ ಪಾಠಗಳನ್ನು ಕೇಳಿ ಬೆಳೆದ ಕಿವಿ ಅದು. ಮರಣವನ್ನೂ ಸಮಾಧಿಯನ್ನೂ ಎದುರಿಸಬೇಕಾದಾಗ ಆಡಬೇಕಾದ ಮಾತು ಅವನಿಗೆ ಕಂಠಸ್ಥವಾಗಿತ್ತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಐಸೆನ್‌ಬರ್ಗರು 1864ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತೀರಿಕೊಂಡರು. ಅವರ ಮಗ ಚಾರ್ಲ್ಸ್ ಕೂಡ ಮಿಶನರಿಯಾಗಿ, ತಲಶ್ಶೇರಿಯಲ್ಲಿ ಹುಟ್ಟಿದ ಮರೀ ಗುಂಡರ್ಟಳನ್ನು, ಎಂದರೆ ಮಲಯಾಳದ ನಿಘಂಟುಕಾರರಾದ ಬಾಸೆಲ್ ಮಿಶನಿನ ಹರ್ಮನ್ ಗುಂಡರ್ಟರ ಮಗಳನ್ನು, ಮದುವೆಯಾದರು. ಅವರು 1870ರಲ್ಲಿ ಅಕಾಲದಲ್ಲಿ ಮಡಿದ ಮೇಲೆ ಆಕೆ ಕೈಹಿಡಿದದ್ದು ಮಂಗಳೂರಿನಲ್ಲಿ ಸೇವೆ ಮಾಡಿ ಹಿಂದಿರುಗಿದ್ದ ಯೋಹಾನ್ನೆಸ್ ಹೆಸ್ಸೆಯನ್ನು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ದಂಪತಿಗಳ ಮಗ. ಶರಣಪುರವೂ ಮಂಗಳೂರಿನ ಬಲ್ಮಠವೂ ಒಂದೇ ಬಳಗದ ಎರಡು ಮನೆಗಳೆಂದರೆ ಅತಿಶಯೋಕ್ತಿಯಾಗದು.

ಆದರೆ ಶರಣಪುರದ ವಿಧಿಗ್ರಂಥ ಇಂಗ್ಲಿಷರದು. 1662ರ ಪ್ರಾರ್ಥನಾ ಪುಸ್ತಕದ ಪ್ರಕಾರ ಬೂದಿ ಬುಧವಾರದಂದು, ದೇವರ ಆಜ್ಞೆಯನ್ನು ಮೀರಿದವರಿಗೆ ಶಾಪವೆಂಬ ಧರ್ಮಶಾಸ್ತ್ರದ ವಾಕ್ಯಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಸಭೆಯೆಲ್ಲ ಆಮೆನ್ ಎನ್ನಬೇಕು. ಬಳಿಕ ಮೊಣಕಾಲೂರಿ ಐವತ್ತೊಂದನೆಯ ಕೀರ್ತನೆಯನ್ನು ಹೇಳಬೇಕು. ಬೂದಿಯನ್ನು ಮಾತ್ರ ಹಚ್ಚುವಂತಿಲ್ಲ. ಇಂಗ್ಲೆಂಡಿನಲ್ಲಿ ಅದನ್ನು 1548ರಲ್ಲಿಯೇ ನಿಲ್ಲಿಸಿದ್ದರು. ಹೀಗಾಗಿ ತ್ರ್ಯಂಬಕಕ್ಕೆ ಹೋಗಿಬಂದ ನೆರೆಯವರ ಹಣೆಯ ಮೇಲೆ ವಿಭೂತಿಯಿದ್ದರೆ, ಬೂದಿ ಬುಧವಾರವನ್ನು ಆಚರಿಸಿದ ಶರಣಪುರದವರ ಹಣೆ ಬರಿದಾಗಿರುತ್ತಿತ್ತು. ವ್ರತಕ್ಕೆ ಮರಾಠಿಯಲ್ಲಿ ದೊರೆತ ಹೆಸರು ಉಪವಾಸಕಾಳ. ಈ ಸಂಸ್ಕೃತ ಶಬ್ದವನ್ನು ಬಿಡಿಸಿದರೆ ಸಮೀಪದಲ್ಲಿ ವಾಸಿಸುವುದೆಂದು ಅರ್ಥವಾಗುತ್ತದೆ, ಊಟವನ್ನು ಬಿಡುವುದೆಂದಲ್ಲ. ಏಕಾದಶಿಗೂ ಶಿವರಾತ್ರಿಗೂ ಸಲ್ಲುತ್ತಿದ್ದ ಮಾತನ್ನು ಕ್ರೈಸ್ತರು ಎತ್ತಿಕೊಂಡಾಗ, ತಿಳಿದೋ ತಿಳಿಯದೆಯೋ, ಲೂಥರನಿಗೆ ಬೇಕಾದ ಅರ್ಥವನ್ನೇ ಎತ್ತಿಕೊಂಡರು.

ಔರಂಗಾಬಾದಿನ ಕಥೆ ಇದಕ್ಕಿಂತ ಒರಟಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು. ನಿಜಾಮನ ಸೀಮೆಗೆ ಸೇರಿದ್ದ ಆ ಊರಿನಲ್ಲಿ ಮಿಶನಿನ ಭಾರವನ್ನು ಹೊತ್ತವರು ಪಾರಸಿ ಕುಲದಿಂದ ಬಂದ ರತನ್‌ಜಿ ನವರೋಜಿ. ಅವರ ಸಭೆ ಬೆಳೆದದ್ದು ಸುತ್ತಣ ಹಳ್ಳಿಗಳ ಮಾಂಗ, ಮಹಾರ ಜನರಲ್ಲಿ. ಶ್ರಮಕಾಲವು ಬರುವ ಫಾಲ್ಗುಣಮಾಸವೆಂದರೆ ಆ ಸೀಮೆಯಲ್ಲಿ ಹಿಂಗಾರಿನ ಜೋಳದ ಕೊಯ್ಲು, ಕಣದ ಕೆಲಸ. ವರ್ಷವಿಡೀ ಅರೆಹೊಟ್ಟೆಯಲ್ಲಿದ್ದವನಿಗೆ ತೆನೆ ಕಾಣುವ ತಿಂಗಳು ಅದೊಂದೇ. ಆಗ ಅವನಿಗೆ ಊಟ ಬಿಡೆಂದು ಹೇಳುವ ಬಾಯಿ ಯಾವುದು? 1876ರಿಂದ 1878ರವರೆಗೆ ದಖ್ಖನಿನ ಬರ, ಮತ್ತೆ 1899-1900ರ ಬರ, ಇವುಗಳಲ್ಲಿ ಹಸಿವು ವ್ರತವಾಗಿರಲಿಲ್ಲ, ಮೃತ್ಯುವಾಗಿತ್ತು. ತಿನ್ನದಿರುವುದನ್ನು ಕಟ್ಟಳೆಯಾಗಿ ಹೇರಬಾರದೆಂಬ ವಿಟೆನ್‌ಬರ್ಗಿನ ಪ್ರಸಂಗದ ಮಾತು ಅಲ್ಲಿಯ ಪಂಡಿತರಿಗೆ ಸಿದ್ಧಾಂತವಾಗಿದ್ದಿರಬಹುದು. ಮರಾಠವಾಡದ ಕಣದಲ್ಲಿ ಅದು ಕರುಣೆಯಾಗಿತ್ತು. ಔರಂಗಾಬಾದಿಗೆ ಪೂರ್ವದಲ್ಲಿ, ಜಾಲನಾದ ಹತ್ತಿರ, ನಾರಾಯಣ ಶೇಷಾದ್ರಿಯವರು ನಿಜಾಮ ಸರ್ಕಾರದಿಂದ ಭೂಮಿ ಪಡೆದು ಬೆಥೆಲ್ ಎಂಬ ಕ್ರೈಸ್ತ ಗ್ರಾಮವನ್ನು ಕಟ್ಟಿದರು; ಅವರದು ಸ್ಕಾಟ್ಲೆಂಡಿನ ಸ್ವತಂತ್ರ ಸಭೆ, ಆ ಪರಂಪರೆಗೆ ಶ್ರಮಕಾಲವೆಂಬುದೇ ಇರಲಿಲ್ಲ. ಅಹ್ಮದನಗರದ ಅಮೆರಿಕನ್ ಮರಾಠಿ ಮಿಶನಿನವರೂ ಅಂತೆಯೇ, ಪ್ಯೂರಿಟನ್ ಪೂರ್ವಜರ ಸಂಪ್ರದಾಯದಲ್ಲಿ ಹಬ್ಬಹರಿದಿನಗಳ ಪಂಚಾಂಗವನ್ನು ದೂರವಿಟ್ಟವರು.

ಪಂಚಾಂಗವನ್ನು ಒಪ್ಪದ ಆ ಮಿಶನಿನಿಂದಲೇ ಮರಾಠಿ ಶ್ರಮಕಾಲಕ್ಕೆ ಅದರ ಸ್ವರ ಬಂತೆಂಬುದು ಆಶ್ಚರ್ಯ. ಪೈಠಣದಲ್ಲಿ ಸಂತ ಏಕನಾಥನು 1599ರಲ್ಲಿ ಸಮಾಧಿಸ್ಥನಾದದ್ದು ಫಾಲ್ಗುಣ ಬಹುಳ ಷಷ್ಠಿಯಂದು. ನಾಥಷಷ್ಠಿಯ ಆ ಯಾತ್ರೆ ಚಂದ್ರಮಾನದ ಅದೇ ಲೆಕ್ಕದಿಂದ ಬಹುತೇಕ ಶ್ರಮಕಾಲದ ಮಧ್ಯಭಾಗದಲ್ಲಿ, ಮೂರನೆಯ ಆದಿತ್ಯವಾರದ ಹಿಂದುಮುಂದೆ, ಬಂದು ಬೀಳುತ್ತದೆ. ದಿಂಡಿಗಳು ತಾಳಮೃದಂಗಗಳೊಡನೆ ಗೋದಾವರಿಯತ್ತ ನಡೆಯುವ ಆ ವಾರದಲ್ಲಿ ಹಳ್ಳಿಯ ಕ್ರೈಸ್ತನ ಕಿವಿಯೊಂದೇ ಮುಚ್ಚಿರಲು ಸಾಧ್ಯವಿರಲಿಲ್ಲ. ನಿಂತು ಹಾಡಿ, ಪೂರ್ವರಂಗದಲ್ಲಿ ತತ್ತ್ವವನ್ನು ಹೇಳಿ, ಉತ್ತರರಂಗದಲ್ಲಿ ಆಖ್ಯಾನವನ್ನು ಬೆಳೆಸುವ ಕೀರ್ತನದ ಈ ಪದ್ಧತಿಯನ್ನು ಕ್ರಿಸ್ತಚರಿತೆಗೆ ಹೊಂದಿಸಿದವರು ಅಹ್ಮದನಗರದ ಸೀಮೆಯಲ್ಲಿ ಮೊದಲೇ ಇದ್ದರು; ಅದಕ್ಕೆ ಮಹಾಕವಿಯ ಪ್ರತಿಭೆಯನ್ನು ಧಾರೆಯೆರೆದವರು ನಾರಾಯಣ ವಾಮನ ಟಿಳಕರು. ಕೊಂಕಣದಲ್ಲಿ ಹುಟ್ಟಿ, 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದು, ಅಮೆರಿಕನ್ ಮಿಶನಿನ ಸೇವೆಯಲ್ಲಿದ್ದ ಅವರು ಬರೆದ ಅಭಂಗಗಳೂ ಪದಗಳೂ ಉಪಾಸನಾಸಂಗೀತವೆಂಬ ಮರಾಠಿ ಗೀತಸಂಗ್ರಹದ ಮೂಲಕ ಎಲ್ಲ ಪಂಥಗಳ ಸಭೆಗಳನ್ನೂ ಹೊಕ್ಕವು. ಅವರು ತೊಡಗಿದ ಕ್ರಿಸ್ತಾಯನವೆಂಬ ಮಹಾಕಾವ್ಯವು ಅಪೂರ್ಣವಾಗಿ ಉಳಿದಾಗ, 1919ರಲ್ಲಿ ಅವರು ತೀರಿಕೊಂಡ ಮೇಲೆ, ಅದನ್ನು ಮುಂದುವರಿಸಿದವರು ನಾಸಿಕದ ಹತ್ತಿರದ ಜಲಾಲಪುರದಲ್ಲಿ ಹುಟ್ಟಿದ ಅವರ ಪತ್ನಿ ಲಕ್ಷ್ಮೀಬಾಯಿ. ಮಡಿಯ ಮನೆಯಲ್ಲಿ ಬೆಳೆದು, ಶಾಲೆಯ ಮೆಟ್ಟಿಲು ಹತ್ತದೆ, ಗಂಡನ ಮತಾಂತರದ ವಾರ್ತೆಯಿಂದ ವರ್ಷಗಳ ಕಾಲ ದುಃಖಿಸಿ, ಕಡೆಗೆ ತಾವೇ ಆ ಹಾದಿಯನ್ನು ಹಿಡಿದು, ಸ್ಮೃತಿಚಿತ್ರೆಯನ್ನು ಬರೆದ ಆ ಮಹಾತಾಯಿಗೆ ಶ್ರಮೆಯ ಅರ್ಥವನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿರಲಿಲ್ಲ. ಬುಗೆನ್‌ಹಾಗೆನ್ ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೆಣೆದುದಕ್ಕೂ ಆಕೆ ಕ್ರಿಸ್ತಚರಿತೆಗೆ ಓವಿಗಳನ್ನು ಪೋಣಿಸಿದುದಕ್ಕೂ ನಡುವೆ ನಾಲ್ಕು ಶತಮಾನಗಳ ಅಂತರವಿದೆ; ಕೆಲಸ ಒಂದೇ.

ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳನ್ನು ಧ್ಯಾನಿಸುವ ಈ ವಿಧಿಯನ್ನು ನಮ್ಮ ಸಭೆಗಳವರು ಆದಿಯಿಂದ ಬಂದದ್ದೆಂದು ಭಾವಿಸುವುದುಂಟು. ವಾಸ್ತವವಾಗಿ ಅದು 17ನೆಯ ಶತಮಾನದ ಕೊನೆಗೆ ಪೆರು ದೇಶದ ಲಿಮಾ ಪಟ್ಟಣದಲ್ಲಿ ಒಬ್ಬ ಜೆಸುಯಿಟ್ ಪಾದ್ರಿ ತೊಡಗಿಸಿದ್ದು, ಇಂಗ್ಲಿಷ್ ಸಭೆಗೆ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಮರಾಠಿ ಸಭೆಗಳಲ್ಲಿ ಕೇಳಲು ಕುಳಿತ ಜನರಿಗೆ ಮೂರು ಗಂಟೆ ದೀರ್ಘವೆನ್ನಿಸಲಿಲ್ಲ. ರಾತ್ರಿಯಿಡೀ ಕೀರ್ತನ ಕೇಳಿ ಪಳಗಿದ ನಾಡು ಅದು.

ನಾಸಿಕವು 1929ರಲ್ಲಿ ಬಿಷಪರ ಪ್ರತ್ಯೇಕ ಪ್ರಾಂತ್ಯವಾಯಿತು. 1947ರಲ್ಲಿ ದಕ್ಷಿಣದ ಸಭೆಗಳು ಕೂಡಿದ ಮಾದರಿಯನ್ನು ನೋಡಿ, ವರ್ಷಗಳ ಮಾತುಕತೆಯ ಬಳಿಕ, 1970ರ ನವೆಂಬರ್ 29ರಂದು ಉತ್ತರ ಭಾರತದ ಸಭೆ ಸ್ಥಾಪಿತವಾದಾಗ, ಪ್ರಾರ್ಥನಾ ಪುಸ್ತಕದ ಶರಣಪುರದವರೂ, ಪಂಚಾಂಗವಿಲ್ಲದ ಅಹ್ಮದನಗರದವರೂ, ಜಾಲನಾದ ಸ್ಕಾಟಿಷ್ ಪರಂಪರೆಯವರೂ ಒಂದೇ ಸಭೆಯಾದರು. ಅದಾದ ಮೇಲೆ ಬಂದ ಮೊದಲನೆಯ ಬೂದಿ ಬುಧವಾರ 1971ರ ಫೆಬ್ರವರಿ 24. ಹಿಂದಿನ ರಾತ್ರಿ ಮಹಾಶಿವರಾತ್ರಿಯಾಗಿತ್ತು. ತ್ರ್ಯಂಬಕದಿಂದಲೂ ವೇರೂಳದಿಂದಲೂ ಜಾಗರಣೆ ಮುಗಿಸಿದ ಜನರು ನಿದ್ದೆಗಣ್ಣಿನಲ್ಲಿ ಮನೆಗೆ ನಡೆದ ಆ ದಿನವೇ, ಅವರ ನೆರೆಯವರ ಪಾಲಿಗೆ, ಕೇಳುವ ನಲವತ್ತು ದಿನಗಳು ತೊಡಗಿದವು.